ಮೊದಲು ಜೇಬು ಖಾಲಿ ಮಾಡಿ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವನಿಗಿದ್ದದ್ದು ಒಂದೇ ಕೆಲಸ, ಕಾರು ತೂಗುವುದು. ಹೊಸ ಮಾದರಿಯ ಕಾರು ಯಾವುದೇ ಇರಲಿ, ರಸ್ತೆಗಿಳಿಯುವ ಮೊದಲು ಅವನ ತೂಕದ ಕೋಣೆಗೆ ಬರಬೇಕು, ನೆಲಕ್ಕೆ ಹುಗಿದ ನಾಲ್ಕು ಉಕ್ಕಿನ ಹಲಗೆಗಳ ಮೇಲೆ ನಾಲ್ಕು ಚಕ್ರ ಊರಿ ತೆಪ್ಪಗೆ ನಿಲ್ಲಬೇಕು. ಅವನು ಗೋಡೆಯ ಅಂಕಿ ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡ ಮೇಲೆಯೇ ಅದಕ್ಕೆ ಮುಂದಿನ ದಾರಿ.

ಕಾರು ಕಟ್ಟುವ ಇಂಜಿನಿಯರುಗಳಿಗೆ ತಮ್ಮ ಕಾರು ಹಗುರವಾಗಿ ಕಾಣಬೇಕೆಂಬ ಹಟ. ಹಗುರವಾದರೆ ಇಂಧನ ಕಡಿಮೆ ಕುಡಿಯುತ್ತದೆ, ಬೇಗ ಓಡುತ್ತದೆ, ಬೇಗ ನಿಲ್ಲುತ್ತದೆ. ಹಾಗಾಗಿ ಒಬ್ಬರು ಸ್ಟೆಪ್ನಿ ಬಚ್ಚಿಟ್ಟು ಬರುವರು, ಇನ್ನೊಬ್ಬರು ಕಾಲಡಿಯ ಚಾಪೆ ಮರೆತು ಬರುವರು, ಮತ್ತೊಬ್ಬ ಮಹಾನುಭಾವ ಗಾಜು ತೊಳೆಯುವ ನೀರನ್ನೆಲ್ಲ ಹಿತ್ತಲಲ್ಲಿ ಚೆಲ್ಲಿ ಬಂದಿದ್ದ. ತಕ್ಕಡಿಯ ಮುಂದೆ ಇದ್ಯಾವುದರ ಬೇಳೆಯೂ ಬೇಯುತ್ತಿರಲಿಲ್ಲ. ಟ್ಯಾಂಕಿನಲ್ಲಿ ಇಂಧನ ಕಂಠಮಟ್ಟ ಇರಬೇಕು. ಬಾಗಿಲಿನ ಜೇಬುಗಳಲ್ಲಿ ಮಾತ್ರ ಒಂದು ಪೆನ್ನೂ ಇರಕೂಡದು. "ಮೊದಲು ಜೇಬು ಖಾಲಿ ಮಾಡಿ" ಎನ್ನುವುದು ಅವನ ಬಾಯಿಂದ ಬರುವ ಮೊದಲ ಮಾತು. ಅವನಿಗೆ ಚಳ್ಳೆಹಣ್ಣು ತಿನ್ನಿಸುವವರು ಆ ಕಾರ್ಖಾನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವನು ನಂಬಿದ್ದ.

ಆ ತಿಂಗಳು ತೂಕದ ಕೋಣೆಯಲ್ಲಿ ಎರಡು ಐಷಾರಾಮಿ ಸೆಡಾನುಗಳಿದ್ದವು. ಒಂದು ತಮ್ಮದೇ ಕಂಪನಿಯದು, ಇನ್ನೊಂದು ಎದುರಾಳಿಯದು. ಒಂದೇ ಉದ್ದ, ಒಂದೇ ಅಗಲ, ಒಳಗೆ ಕೂತರೆ ಒಂದೇ ಠೀವಿ. ತಮ್ಮದು ಸಾವಿರದ ಒಂಬೈನೂರ ನಲವತ್ತು ಕಿಲೋ ತೂಗಿತು. ಎದುರಾಳಿಯದು ಅದಕ್ಕಿಂತ ನೂರ ಎಪ್ಪತ್ತೈದು ಕಿಲೋ ಕಡಿಮೆ. ಮೇಲಿನವರು ತಲೆ ಕೆರೆದುಕೊಂಡು, "ಆ ನೂರ ಎಪ್ಪತ್ತೈದು ಎಲ್ಲಿ ಹೋಯ್ತು ಅಂತ ಹುಡುಕಿಕೊಡಿ" ಎಂದರು. ತಕ್ಕಡಿ, ಕನ್ನಡಕದ ಯುವ ಇಂಜಿನಿಯರಮ್ಮ ಇಬ್ಬರೂ ಸೇರಿ ಎದುರಾಳಿಯ ಕಾರನ್ನು ತಿರುಪು ತಿರುಪಾಗಿ ಬಿಚ್ಚಿ, ಒಂದೊಂದು ಚೂರನ್ನೂ ತೂಗಿ, ಚೀಟಿ ಕಟ್ಟಿ ಮೇಜಿನ ಮೇಲೆ ಜೋಡಿಸುತ್ತ ಹೋದರು.

ಚೂರು ಕೈಗೆ ಬಂದ ಕೂಡಲೇ ತಕ್ಕಡಿ ಕಣ್ಣು ಮುಚ್ಚಿ ಅದರ ತೂಕ ಹೇಳಿಬಿಡುವನು. ಆಮೇಲೆ ಯಂತ್ರದ ಮೇಲಿಟ್ಟರೆ ಐವತ್ತು ಗ್ರಾಮಿನ ಆಚೀಚೆ ಅಷ್ಟೆ. ಇಂಜಿನಿಯರಮ್ಮ, "ಅಂಕಲ್, ಈ ಯಂತ್ರ ಮಾರಿಬಿಡೋಣ, ನಿಮ್ಮ ಕೈಗೇ ಒಂದು ಪ್ಲಗ್ ಹಾಕಿದ್ರೆ ಸಾಕು" ಎಂದು ರೇಗಿಸುತ್ತಿದ್ದಳು.

ಇಷ್ಟೆಲ್ಲ ಅಂಕಿಗಳ ನಡುವೆ ಅವನ ತಲೆ ತಿನ್ನುತ್ತಿದ್ದ ಅಂಕಿ ಬೇರೆಯೇ ಇತ್ತು. ಅದು ಮನೆಯ ಅಡುಗೆಮನೆ ಗೋಡೆಗೆ ಅಂಟಿಸಿದ ಕಾಗದದಲ್ಲಿತ್ತು.

ಹೆಂಡತಿಗೆ ಕಾಯಿಲೆ ಎಂದು ತಿಳಿದು ನಾಲ್ಕು ತಿಂಗಳಾಗಿತ್ತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು. ಮೊದಲ ದಿನವೇ ಡಾಕ್ಟರು, "ತೂಕ ನೋಡಿಯೇ ಔಷಧಿ ಅಳೆಯೋದು, ತೂಕ ಇಳಿಯದ ಹಾಗೆ ನೋಡ್ಕೊಳ್ಳಿ" ಎಂದಿದ್ದರು. ಜ್ವರದಲ್ಲಿದ್ದ ಹೆಂಡತಿಗೆ ಆ ಮಾತು ಕೇಳಿಸಿರಲಿಲ್ಲ. ತಕ್ಕಡಿಗೆ ಕೇಳಿಸಿತ್ತು. ಅಂದೇ ಗೆರೆ ಎಳೆದು ಕಾಗದ ಅಂಟಿಸಿದ, ಪಕ್ಕದಲ್ಲೊಂದು ಪೆನ್ಸಿಲನ್ನೂ ದಾರದಲ್ಲಿ ನೇತುಹಾಕಿದ. ಮೊದಲ ಸಲ ನಲವತ್ತೇಳೂವರೆ. ಎರಡನೆಯ ಸಲ ನಲವತ್ತಾರು. ಆ ಸಂಜೆ ಅವನು ಊಟದ ತಟ್ಟೆಯನ್ನು ಹಾಗೇ ಸರಿಸಿ ಎದ್ದುಬಿಟ್ಟ. ಬೇರೆ ಊರಲ್ಲಿದ್ದ ಮಗಳು ಫೋನಿನಲ್ಲಿ "ಅಮ್ಮನ ತೂಕ ಎಷ್ಟಾಯ್ತಪ್ಪಾ" ಎಂದು ಕೇಳಿದಾಗ ಫೋನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತುಬಿಟ್ಟಿದ್ದ. ಮೂರನೆಯ ಸಲ ನಲವತ್ತೇಳು. ನಾಲ್ಕನೆಯ ಸಲ ನಲವತ್ತೆಂಟು! ಅವತ್ತು ಅವನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಮೇಲೇರಿದ ಗೆರೆಯನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿ, ದಾರಿಯಲ್ಲಿ ಸಿಕ್ಕ ಹಾಲಿನವಳಿಗೂ ಸುದ್ದಿ ಮುಟ್ಟಿಸಿದ್ದ.

ನಾಳೆ ಐದನೆಯ ಸಲ. ಆ ಸಂಜೆ ಅವನು ಹುಮ್ಮಸ್ಸಿನಿಂದಲೇ ಮನೆಗೆ ಬಂದ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ದೊಡ್ಡ ದೊಡ್ಡ ಮನೆಗಳಿಗೆ ಪರದೆ ಹೊಲಿದುಕೊಡುವುದು ಅವಳ ಕೆಲಸ. ಕಾಯಿಲೆ ಬಂದಮೇಲೆ ದಿನಕ್ಕೆ ಒಂದೇ ಪರದೆ, ಅದೂ ಬೇಡವೆಂದರೆ ಕೇಳುತ್ತಿರಲಿಲ್ಲ.

"ಸಿಕ್ತೇನ್ರೀ ನಿಮ್ಮ ನೂರ ಎಪ್ಪತ್ತೈದು?"

"ಸಿಕ್ತು ಕಣೆ." ಅವನು ಸೂಪಿನ ಬಟ್ಟಲು ಅವಳ ಮುಂದಿಟ್ಟು ತಾನೂ ಕೂತ. "ಮೈಯೆಲ್ಲ ಅಲ್ಯೂಮಿನಿಯಂ. ನಮ್ಮವರು ಉಕ್ಕಿನ ತಗಡಿಗೆ ಸಾವಿರಾರು ಬೆಸುಗೆ ಹಾಕಿದ್ರೆ, ಅವರು ಅಂಟು ಮೆತ್ತಿ ಕೂಡಿಸಿದಾರೆ. ಅಂಟು ಉದ್ದಕ್ಕೂ ಹಿಡ್ಕೊಳ್ಳುತ್ತೆ, ಹಾಗಾಗಿ ತಗಡು ತೆಳುವಾದ್ರೂ ನಡೆಯುತ್ತೆ. ಬಾಗಿಲು ನಾಲ್ಕೂ ನಾನೊಬ್ನೇ ಎತ್ತಿಟ್ಟೆ. ಸೀಟಿನ ಚೌಕಟ್ಟು ಮೆಗ್ನೀಸಿಯಂದು. ನಮ್ಮ ಸೀಟಲ್ಲಿ ಬೆನ್ನು ಒತ್ತೋಕೇ ಹತ್ತು ಮೋಟರು ತುಂಬಿದಾರೆ, ಕಾರೋ ಕ್ಷೌರದಂಗಡಿಯೋ ಗೊತ್ತಾಗಲ್ಲ."

"ಅಷ್ಟು ತೆಳು ಮಾಡಿದ್ರೆ ಗುದ್ದಿದಾಗ?"

"ಅಲ್ಲೇ ಇರೋದು ಜಾಣತನ. ಬಾಗಿಲ ನಡುವಿನ ಕಂಬ ಇದೆಯಲ್ಲ, ಅದು ಉಕ್ಕೇ. ನಮ್ಮದಕ್ಕಿಂತ ಗಟ್ಟಿ ಉಕ್ಕು. ಎಲ್ಲಿ ಕಡಿಮೆ ಮಾಡಬಾರದೋ ಅಲ್ಲಿ ಎಳ್ಳಷ್ಟೂ ಮಾಡಿಲ್ಲ." ಅವನು ಚಮಚ ಎತ್ತಿ ತೋರಿಸುತ್ತ ಮುಂದುವರಿಸಿದ. "ಇನ್ನೊಂದು ಗಮ್ಮತ್ತು ಕೇಳು. ಮೈ ಹಗುರಾದ್ರೆ ಅದನ್ನ ಹೊರೋ ಸ್ಪ್ರಿಂಗು ಸಣ್ಣದು ಸಾಕು. ಸ್ಪ್ರಿಂಗು ಸಣ್ಣದಾದ್ರೆ ಅದು ಕೂರೋ ತೋಳು ಸಣ್ಣದು, ಬ್ರೇಕು ಸಣ್ಣದು, ಚಕ್ರ ಸಣ್ಣದು. ಒಂದು ಹಗುರಾದ್ರೆ ಅದಕ್ಕೆ ಅಂಟಿಕೊಂಡಿರೋದೆಲ್ಲ ಹಗುರಾಗುತ್ತೆ. ಯಾರೂ ಹೇಳಬೇಕಾಗಿಲ್ಲ, ತಾನಾಗೇ."

ಹೆಂಡತಿ ನಕ್ಕಳು. ಮೂರು ಚಮಚ ಸೂಪು ಕುಡಿದು ಬಟ್ಟಲು ಸರಿಸಿದಳು. ಅವನು ಗಮನಿಸಲಿಲ್ಲ. ಗೋಡೆಯ ಮೇಲೆ ಗೆರೆ ಏರುತ್ತಿರುವಾಗ ಬಟ್ಟಲನ್ನು ಯಾರು ನೋಡುತ್ತಾರೆ?

ಅವಳು ಒರಗಿಕೊಳ್ಳಲು ಒಳಗೆ ಹೋದಳು. ಅವನು ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಬಾಗಿಲ ಬಳಿ ಬಂದ. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಗೋಡೆಯ ಕಾಗದ ಪಟಪಟ ಎಂದಿತು, ಗೂಟಕ್ಕೆ ಸಿಕ್ಕಿಸಿದ್ದ ಅವನ ಜಾಕೆಟ್ಟಿನ ತೋಳು ಓಲಾಡಿತು. ಪಕ್ಕದ ಗೂಟದಲ್ಲಿದ್ದ ಅವಳ ಉಣ್ಣೆಯ ಕೋಟು ಮಾತ್ರ ಕದಲಲಿಲ್ಲ. ದೊಡ್ಡ ಮನೆಯ ಪರದೆಯ ಹಾಗೆ ನೆಟ್ಟಗೆ, ಒಂದು ಸುಕ್ಕೂ ಇಲ್ಲದೆ ನಿಂತಿತ್ತು.

ಅವನು ಸುಮ್ಮನೆ ಅದನ್ನು ಎತ್ತಿದ. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಆ ಕೋಟನ್ನು ಹತ್ತು ಚಳಿಗಾಲ ಅವಳಿಗೆ ತೊಡಿಸಿದವನು ಅವನೇ, ಈಚೆಗೆ ಆಸ್ಪತ್ರೆಗೆ ಹೊರಡುವಾಗ ಮಾತ್ರ ಅವಳೇ ತೊಟ್ಟುಕೊಳ್ಳುತ್ತಿದ್ದಳು. ಅದು ಒಂದು ಕಿಲೋ, ಹೆಚ್ಚೆಂದರೆ ಇನ್ನೊಂದು ನೂರು ಗ್ರಾಂ. ಈಗ ಮೂರು ಕಿಲೋ ದಾಟಿತ್ತು. ಅಂಚನ್ನು ಬೆರಳಲ್ಲಿ ತಡವಿದ. ಒಳಗೆ ಸಣ್ಣ ಸಣ್ಣ ಮಣಿಗಳು ಸಾಲಾಗಿ ಸಿಕ್ಕವು. ಪರದೆ ನೆಟ್ಟಗೆ ಇಳಿಬೀಳಲೆಂದು ಅಂಚಿನಲ್ಲಿ ಹೊಲಿಯುವ ಸೀಸದ ಹುರಿ. ಒಂದು ಸುತ್ತಲ್ಲ, ಆರೇಳು ಸುತ್ತು. ಹೊಲಿಗೆ ಹೊರಗೆ ಕಾಣದಷ್ಟು ಅಚ್ಚುಕಟ್ಟು.

ಆಸ್ಪತ್ರೆಯಲ್ಲಿ ತೂಕ ನೋಡುವ ಕೋಣೆ ಸದಾ ಥಂಡಿ. ನರ್ಸಮ್ಮ ಕರುಣೆಯಿಂದ, "ಕೋಟು ಇರಲಿ ಬಿಡಿ, ಒಂದು ಕಿಲೋ ಕಳೀತೀನಿ" ಎನ್ನುತ್ತಿದ್ದಳು. ಅವನೂ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ಇಪ್ಪತ್ತೆರಡು ವರ್ಷ ಒಂದು ಪೆನ್ನನ್ನೂ ಒಳಗೆ ಬಿಡದವನು ಕಟ್ಟಿಕೊಂಡ ಹೆಂಡತಿಯನ್ನು ಕೋಟಿನ ಸಮೇತ ತೂಕಕ್ಕೆ ನಿಲ್ಲಿಸಿದ್ದ. ಯಾಕೆಂದು ಅವನಿಗೆ ಗೊತ್ತಿತ್ತು. ಕೋಟು ತೆಗೆದರೆ ಅವಳ ಸೊರಗಿದ ತೋಳು ಕಾಣುತ್ತಿತ್ತು.

ಅವನು ಕೋಟನ್ನು ಎತ್ತಿಕೊಂಡು ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತ. ಅವಳು ಕಣ್ಣು ಬಿಟ್ಟು ಮೊದಲು ಕೋಟು ನೋಡಿದಳು, ಆಮೇಲೆ ಅವನನ್ನು. ಬೈಯಬೇಕೆಂದು ಬಂದವನಿಗೆ ಬೈಗುಳವೇ ನೆನಪಾಗಲಿಲ್ಲ.

"ಇಷ್ಟು ವರ್ಷ ಎಲ್ರೂ ಕಡಿಮೆ ತೋರಿಸೋಕೆ ಮೋಸ ಮಾಡಿದ್ರು," ಎಂದ ಕೊನೆಗೆ. "ಜಾಸ್ತಿ ತೋರಿಸೋಕೆ ಮೋಸ ಮಾಡಿದೋಳು ನೀನೊಬ್ಳೇ."

"ಅವರ ಮನೇಲೆಲ್ಲ ಗಂಡ ಪೆನ್ಸಿಲ್ ಹಿಡ್ಕೊಂಡು ಕಾಯ್ತಾ ಇರಲಿಲ್ಲವಲ್ಲ."

ಅವನು ಕೋಟನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡ.

"ಎರಡನೇ ಸಲ ನಿಮ್ಮ ಮುಖ ನೋಡಿದೆ," ಅವಳು ಮೆಲ್ಲಗೆ ಹೇಳಿದಳು. "ಔಷಧೀನ ಹೇಗೋ ತಡ್ಕೋತೀನಿ. ಆ ಮುಖ ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದು ಸುತ್ತು ಹುರಿ ಹಾಕಿದ್ರೆ ನೀವು ಊಟ ಮಾಡ್ತೀರಲ್ಲ, ಹೋಗ್ಲಿ ಅಂದ್ಕೊಂಡೆ. ಆಮೇಲೆ ಅದು ಎರಡಾಯ್ತು, ಮೂರಾಯ್ತು. ತಪ್ಪಾಯ್ತೇನ್ರೀ?"

"ಔಷಧಿ ಅಳೆಯೋದು ಆ ತೂಕದ ಮೇಲೆ ಕಣೆ."

ಅವಳು ಬೆಚ್ಚಿ ಎದ್ದು ಕೂತಳು. "ನನಗೆ ಯಾರೂ ಹೇಳಲಿಲ್ಲ. ಸುಮ್ನೆ ಬರ್ಕೋತಾರೆ ಅಂದ್ಕೊಂಡಿದ್ದೆ."

ಹೌದು, ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಅವನು. ಅವಳನ್ನು ಗಾಬರಿ ಮಾಡಬಾರದೆಂದು ಮುಚ್ಚಿಟ್ಟು, ಗೋಡೆಗೊಂದು ಕಾಗದ ಮಾತ್ರ ಅಂಟಿಸಿದ್ದ. ಅವಳ ಮೇಲೆ ಬಂದ ಸಿಟ್ಟೆಲ್ಲ ತಿರುಗಿ ಅವನ ಮೇಲೆಯೇ ಬಂತು. ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡ. ಆಮೇಲೆ ಅವಳೇ ಕತ್ತರಿ ತರಿಸಿಕೊಂಡಳು. ಅವಳು ಹೊಲಿಗೆ ಬಿಚ್ಚುತ್ತ ಹೋದಳು, ಅವನು ಹುರಿ ಎಳೆಯುತ್ತ ಹೋದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸಮ್ಮ ಎಂದಿನಂತೆ "ಕೋಟು ಇರಲಿ ಬಿಡಿ" ಎಂದಳು. ಹೆಂಡತಿ ಅದನ್ನು ತೆಗೆದು ಗಂಡನ ಕೈಗೆ ಕೊಟ್ಟು, ತಾನೇ ಯಂತ್ರದ ಮೇಲೆ ಹತ್ತಿದಳು. ನಲವತ್ತೈದು ಕಿಲೋ ಏಳುನೂರು ಗ್ರಾಂ. ಅವಳು ಅಂಕಿ ನೋಡಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಮುಖ ಇಳಿಬಿಡಲಿಲ್ಲ. ಕಷ್ಟವಾಯಿತು, ಆದರೂ ಬಿಡಲಿಲ್ಲ.

ಡಾಕ್ಟರು ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ಕಿಲೋಗೆ ಆಕಾಶ ಕಳಚಿ ಬೀಳಲ್ಲ ಅಮ್ಮಾ. ಇವತ್ತಿನ ಔಷಧೀನ ಸರಿಯಾಗಿ ಅಳೀತೀವಿ. ಆದ್ರೆ ನೀವು ಇಳೀತಾ ಇದೀರ ಅಂತ ಗೊತ್ತಾಗಿದ್ರೆ ವಾಂತಿ ತಡೆಯೋ ಮಾತ್ರೆ ಆಗಲೇ ಬದಲಾಯಿಸ್ತಿದ್ದೆ. ಹಸಿವಾಗೋ ಹಾಗೆ ಮಾಡೋಕೆ ದಾರಿ ಇದೆ. ಇನ್ನು ಮುಂದೆ ಇದ್ದದ್ದು ಇದ್ದ ಹಾಗೆ ತೋರಿಸಿ."

ಇಬ್ಬರೂ ಬೈಸಿಕೊಂಡ ಶಾಲೆಯ ಮಕ್ಕಳಂತೆ ಹೊರಗೆ ಬಂದರು. ತೂಕದ ಯಂತ್ರದ ಬಳಿ ಹೆಂಡತಿ ನಿಂತುಬಿಟ್ಟಳು.

"ಸಿಸ್ಟರ್, ಇವರದ್ದೂ ಒಂದು ಸಲ ನೋಡಿ."

"ನನ್ನದ್ಯಾಕೆ? ನನಗೇನಾಗಿದೆ ಧಾಡಿ?"

"ಹತ್ತಿ ಅಂದ್ರೆ ಹತ್ತಬೇಕು." ಅವನು ಗೊಣಗುತ್ತ ಕಾಲೆತ್ತಿದ. ಅವಳು ತೋಳು ಹಿಡಿದು ನಿಲ್ಲಿಸಿದಳು. "ಮೊದಲು ಜೇಬು ಖಾಲಿ ಮಾಡಿ."

ನರ್ಸಮ್ಮ ನಗು ತಡೆದುಕೊಂಡು ಒಂದು ತಟ್ಟೆ ಹಿಡಿದಳು. ಪೆನ್ಸಿಲು, ಮನೆಯ ಬೀಗದ ಕೈ ಬಂದವು. ಆಮೇಲೆ ಹೆಂಡತಿಯ ಮಾತ್ರೆಯ ಹಾಳೆಗಳು ಎರಡು. ಅವಳಿಗೆ ಹಸಿವಾದರೆ ಇರಲೆಂದು ಒಂದು ಪೊಟ್ಟಣ ಬಿಸ್ಕತ್ತು. ಅವಳ ಕರವಸ್ತ್ರ. ಚಳಿಯಾದರೆಂದು ಅವಳ ಉಣ್ಣೆಯ ಕಾಲುಚೀಲ. ತಟ್ಟೆ ತುಂಬಿತು, ಅದರಲ್ಲಿ ಅವನದೆನ್ನುವುದು ಪೆನ್ಸಿಲು ಮಾತ್ರ.

ಅರವತ್ತೊಂದು ಕಿಲೋ ಎಂದಿತು ಯಂತ್ರ. ತಕ್ಕಡಿ ಅದನ್ನು ನಂಬದೆ ಇಳಿದು ಮತ್ತೆ ಹತ್ತಿದ. ವರ್ಷದ ಮೊದಲಲ್ಲಿ ಕಾರ್ಖಾನೆಯ ತಪಾಸಣೆಯಲ್ಲಿ ಅವನು ಅರವತ್ತೆಂಟಿದ್ದ. ಏಳು ಕಿಲೋ ಎಲ್ಲಿ ಹೋಯಿತೆಂದು ಕೇಳಿದವರಿಲ್ಲ, ಬರೆದಿಟ್ಟವರಿಲ್ಲ, ಅವನಿಗೇ ಗೊತ್ತಿರಲಿಲ್ಲ. ಬೆಲ್ಟಿಗೆ ಮೊಳೆಯಲ್ಲಿ ಎರಡು ತೂತು ಹೊಸದಾಗಿ ಹೊಡೆದದ್ದು ಈಗ ನೆನಪಾಯಿತು.

ಹೆಂಡತಿಯ ಕಣ್ಣಲ್ಲಿ ನೀರಿತ್ತು. ಆದರೂ ಅವಳ ದನಿಯಲ್ಲಿದ್ದದ್ದು ಗದರಿಕೆ.

"ಆ ಕಾರಿನ ಕಥೆ ನಿನ್ನೆ ನೀವೇ ಹೇಳಿದ್ರಿ. ಒಂದು ಹಗುರಾದ್ರೆ ಅದಕ್ಕೆ ಅಂಟಿಕೊಂಡಿರೋದೆಲ್ಲ ಹಗುರಾಗುತ್ತೆ ಅಂತ. ಹೇಳೋಕೆ ಬರುತ್ತೆ ನಿಮಗೆ, ಕನ್ನಡಿ ನೋಡ್ಕೊಳ್ಳೋಕೆ ಬರಲ್ಲ."

ಸಂಜೆ ಮನೆಗೆ ಬಂದವಳೇ ಅವಳು ಗೋಡೆಯ ಕಾಗದದಲ್ಲಿ ನಲವತ್ತೇಳು, ನಲವತ್ತೆಂಟು ಎರಡನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ನಲವತ್ತೈದು ಏಳುನೂರು ಎಂದು ಬರೆದಳು. ಅದರ ಪಕ್ಕ ಇನ್ನೊಂದು ಸಾಲು ಹಾಕಿ ಅರವತ್ತೊಂದು ಎಂದು ಬರೆದಳು. ಪೆನ್ಸಿಲನ್ನು ದಾರದಿಂದ ಬಿಚ್ಚಿ ತನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಹಾಕಿಕೊಂಡಳು.

ತಕ್ಕಡಿ ಎರಡು ಬಟ್ಟಲಿಗೂ ಸೂಪು ಬಡಿಸಿದ. ಅವಳು ಎದುರಿಗೆ ಕೂತು, ತನ್ನ ಚಮಚ ಎತ್ತದೆ, ಅವನ ಬಟ್ಟಲನ್ನೇ ನೋಡುತ್ತಿದ್ದಳು.

"ನೀವು ಮೊದಲು," ಎಂದಳು.