ಮೇಲೇರಿಸಿದ ಸಾಲು

ನೆಂಟರ ಹಾಸಿಗೆಗಳನ್ನು ಮಡಚುವಾಗ ಚಾದರದ ಕೆಳಗೆ ಲ್ಯಾಪ್‌ಟಾಪು ಸಿಕ್ಕಿತು. ಗಂಡ ತೀರಿದ ಮೇಲಿನ ಶಿವಗಣಾರಾಧನೆ ಮುಗಿದು ಎಲ್ಲರೂ ನಿನ್ನೆಯೇ ಶಹಾಪುರ ಬಿಟ್ಟಿದ್ದರು. ಇವತ್ತು ನಳ ಬರುವ ದಿನ. ಅತ್ತೆ ಗೊಲ್ಲಾಳಮ್ಮ ಅಂಗಳದಲ್ಲಿ ಕೊಡ ತೊಳೆಯುತ್ತಿದ್ದರು. ಗುರುದೇವಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದಳು.

ಬಾಗಿಲಲ್ಲಿ ಏಜಾಜ ನಿಂತಿದ್ದ. ಮೋಟಾರು ರಿಪೇರಿ ಅಂಗಡಿಯವನು. ಬಾವಿಯ ನೀರು ತೀರಿದರೆ ಮೋಟಾರು ತಾನೇ ನಿಲ್ಲುವಂಥ ಬೋರ್ಡನ್ನು ಅವನೂ ಅವಳ ಗಂಡ ಶರಣಕುಮಾರನೂ ಕೂಡಿ ಮಾಡಿದ್ದರು. ಅದರ ಪ್ರೋಗ್ರಾಮನ್ನು ಗಂಡ ಹೆಂಡತಿ ಒಂದೇ ಮೇಜಿನ ಮೇಲೆ ಬರೆದಿದ್ದರು.

"ಗಡ್ಡಾ ಯಾಕ ಬಿಟ್ಟಿಯೋ? ಹೆಂಡ್ತಿ ತವರಿಗೆ ಹೋಗ್ಯಾಳೇನು?" ಅತ್ತೆ ಕೇಳಿದರು.

"ಇಲ್ಲ ಅವ್ವ, ಹಿಂಗ..." ಗೆಳೆಯ ಹೋದಾಗಿನಿಂದ ಕ್ಷೌರ ಮಾಡಿಸದ ಅವನು ಗುರುದೇವಿಯತ್ತ ತಿರುಗಿದ. "ವೈನಿ, ಇವತ್ತ ಕೇಳಬಾರದಿತ್ತು. ವನದುರ್ಗದ ಲಿಂಗಣ್ಣ ಸಂಜಿತನಕ ಬೋರ್ಡು ಕೊಡದಿದ್ರ ಬ್ಯಾರೆ ಕಂಪನಿದು ಕೂಡಿಸ್ತೀನಿ ಅಂತಾನ."

ಗುರುದೇವಿ ಕಂಪೈಲ್ ಮಾಡಿ ನೋಡಿದಳು, ಪ್ರೋಗ್ರಾಂ ಕಟ್ಟಿಕೊಳ್ಳಲಿಲ್ಲ. ಪರದೆ ತುಂಬ ತಪ್ಪು ತೋರಿಸುವ ಕೆಂಪಕ್ಷರ. ಏಜಾಜ ಬಗ್ಗಿ ನೋಡಿದ.

"ಮೋಟಾರ್ ಹೆಡರಿನ ಸಾಲು ಎಲ್ಲಾದಕ್ಕೂ ಮ್ಯಾಲೆ ಹೆಂಗ ಬಂತ್ರಿ? ಮೊದಲು ಕೆಳಗಿತ್ತಲ್ಲ."

"ಅವರು ಏರಿಸ್ಯಾರ."

ಮೋಟಾರಿನ ಅಳತೆ, ಹೆಸರುಗಳನ್ನು ಇಟ್ಟ ಆ ಹೆಡರ್ ಫೈಲು ಅವಳು ಬರೆದದ್ದು. ಪ್ರೋಗ್ರಾಮಿನ ಮೇಲ್ಗಡೆ, ಒಂದೊಂದಕ್ಕೆ ಒಂದೊಂದು ಸಾಲಿನಂತೆ, ಬೇಕಾದ ಬೇರೆ ಫೈಲುಗಳನ್ನೆಲ್ಲ ಮೊದಲು ಕರೆದು, ತನ್ನದನ್ನು ಕೊನೆಗೆ ಕರೆಯುವುದು ಅವಳ ರೂಢಿ. ಸ್ವಂತ ಹೆಡರೇ ಮೊದಲಿರಬೇಕು ಎನ್ನುವುದು ಗಂಡನ ಹಟ. ಅದಕ್ಕೇ ಜಗಳವಾಗಿತ್ತು. "ಓಡ್ತದಲ್ಲ, ಮತ್ತೇನು ಬೇಕು?" ಎಂದಿದ್ದಳು. "ಮ್ಯಾಲಿನವ್ರು ತಂದಿದ್ದು ಉಂಡು ಓಡಾಕತ್ತದ ನಿನ್ನ ಹೆಡರು. ಎಲ್ಲಾರಕಿಂತ ಮೊದಲ ನಿಲ್ಲಿಸಿ ನೋಡು," ಎಂದು ನಕ್ಕಿದ್ದ. ಮರುದಿನ ಯಾದಗಿರಿ ರಸ್ತೆಯಲ್ಲಿ ಅಪಘಾತ.

"ಕೆಳಗ ಒಯ್ದ್ರ ಮುಗೀತ್ರಿ," ಎಂದ ಏಜಾಜ.

ಅವಳು ಸಾಲನ್ನು ಕೆಳಗೆ ಒಯ್ದಳು. ಕೆಂಪಕ್ಷರ ಮಾಯವಾದವು. ಏಜಾಜ ಉಸಿರು ಬಿಟ್ಟ.

ಗಂಡ ಕೊನೆಗೆ ಮುಟ್ಟಿದ್ದು ಅದೊಂದೇ ಸಾಲು. ಅವಳು ಅದನ್ನು ಮತ್ತೆ ಮೇಲಕ್ಕೆ ತಂದಳು. ಕೆಂಪಕ್ಷರ ಮರಳಿದವು.

"ವೈನಿ!"

"ತಡೀರಿ."

ಈ ಸಲ ಅವಳು ಆ ಕೆಂಪಕ್ಷರಗಳನ್ನು ಓದಿದಳು. ಅಳತೆಗೆ ಅವಳು ಬಳಸಿದ್ದ ಒಂದು ಹೆಸರು ಹೆಡರಿಗೆ ಗೊತ್ತೇ ಇರಲಿಲ್ಲ. ಆ ಹೆಸರಿರುವ ಫೈಲನ್ನು ಮೇಲಿನ ಬೇರೆ ಫೈಲುಗಳು ಕರೆದು ತರುತ್ತಿದ್ದವು, ಇದು ಸುಮ್ಮನೆ ಬಳಸುತ್ತಿತ್ತು. ಅವಳು ತನ್ನ ಹೆಡರನ್ನು ತೆರೆದು, ಒಳಗೆ ಆ ಫೈಲನ್ನು ಕರೆಯುವ ಒಂದು ಸಾಲು ಸೇರಿಸಿದಳು.

ಪ್ರೋಗ್ರಾಂ ಕಟ್ಟಿಕೊಂಡಿತು. ಗಂಡನ ಸಾಲು ಮೇಲೆಯೇ ಉಳಿಯಿತು.

ಪ್ರೋಗ್ರಾಮನ್ನು ಬೋರ್ಡಿನ ಚಿಪ್‌ಗೆ ತುಂಬುವ ಕರಿ ಡಬ್ಬಿ ಮೇಜಿನ ಖಾನೆಯಲ್ಲಿತ್ತು. ಏಜಾಜನ ಅಂಗಡಿಯದು. ಎರಡು ದಿನಕ್ಕೆಂದು ಶರಣಕುಮಾರ ತಂದಿದ್ದ. ಏಜಾಜ ತಂದಿಟ್ಟ ಬೋರ್ಡಿಗೆ ಜೋಡಿಸಿ, ತುಂಬಿ ಮುಗಿದ ಮೇಲೆ ಅವಳು ಡಬ್ಬಿಯನ್ನು ಬಿಡಿಸಿದಳು. ವೈರನ್ನು ಸುತ್ತಿ, ರಬ್ಬರ್ ಹಾಕಿ, ಏಜಾಜನ ಮುಂದೆ ಹಿಡಿದಳು.

"ನಿಮ್ಮದು."

"ಇರ್ಲಿ ಬಿಡ್ರಿ ವೈನಿ. ಅವಸರಿಲ್ಲ."

"ಒಯ್ರಿ. ಬೇಕಾದ್ರ ಅಂಗಡಿಗೆ ಬರ್ತೀನಿ."

ಅವನು ಎರಡೂ ಕೈಯಿಂದ ತೆಗೆದುಕೊಂಡ. ಹೊರಗೆ ನಳ ಬಂದು, ಕೊಡದ ತಳಕ್ಕೆ ನೀರು ಬೀಳತೊಡಗಿತು. ಮೇಜಿನ ಮೇಲೆ ಬೋರ್ಡಿನ ಹಸಿರು ದೀಪ ಹತ್ತಿ ಆರುತ್ತಿತ್ತು.