ಎರಡರಲ್ಲಿ ಒಂದನೇ ಪುಟ

"ಎರಡನೇ ಹಾಳೆ ಎಲ್ಲಿ?" ಎಂದು ಹಾಸ್ ಕೇಳಿದರು.

ಟೆಸ್ಸ ಕೊಟ್ಟಿದ್ದು ಒಂದೇ ಹಾಳೆ. ಅದರ ಅಡಿಯಲ್ಲಿ 'ಎರಡರಲ್ಲಿ ಒಂದನೇ ಪುಟ' ಎಂದು ಪ್ರಿಂಟರ್ ತಾನಾಗಿಯೇ ಅಚ್ಚು ಹಾಕಿತ್ತು. ಅವಳು ಗಮನಿಸಿರಲಿಲ್ಲ. ಟೊಲೀಡೊ ನಗರದ ಪತ್ರಿಕೆಯೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಮನುಷ್ಯನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅದರಲ್ಲೇನೂ ಇಲ್ಲ, ಮಿಸ್ಟರ್ ಹಾಸ್. ನಾಲ್ಕು ಸಾಲು, ಅಷ್ಟೇ."

"ತಪ್ಪು ಇರೋದೇ ಕೊನೇ ನಾಲ್ಕು ಸಾಲಲ್ಲಿ. ಅಷ್ಟೊತ್ತಿಗೆ ಬರೆಯೋರಿಗೂ ಸಾಕಾಗಿರುತ್ತೆ. ಕೊಡು, ಡಾಕ್ಟರಮ್ಮ."

ಈ ವೃದ್ಧಾಶ್ರಮಕ್ಕೆ ಅವಳು ಬರತೊಡಗಿದ್ದು ಪ್ರೀತಿಯಿಂದೇನಲ್ಲ. ಮೆಡಿಕಲ್ ಸೇರಬೇಕೆನ್ನುವವರಿಗೆ ಅಂಕವೊಂದೇ ಸಾಲದು, ರೋಗಿಗಳ ಜೊತೆ ಇನ್ನೂರು ಗಂಟೆಯಾದರೂ ಕಳೆದಿರಬೇಕು ಎಂದು ಕಾಲೇಜಿನ ಸಲಹೆಗಾರ್ತಿ ಲಿಂಡ್‌ಕ್ವಿಸ್ಟ್ ಹೇಳಿದ್ದರು. ಹಾಗಾಗಿ ಪದವಿಯ ಎರಡನೇ ವರ್ಷದಿಂದ ಪ್ರತಿ ಗುರುವಾರ ಬಂದಳು. ನೀರು ತಂದುಕೊಟ್ಟಳು, ಗಾಲಿಕುರ್ಚಿ ತಳ್ಳಿದಳು. ಹಾಸ್ ಅವಳ ಓದಿನ ಚೀಟಿಗಳನ್ನು ಹಿಡಿದುಕೊಂಡು ಒಂದೊಂದಾಗಿ ಪ್ರಶ್ನೆ ಕೇಳುತ್ತಿದ್ದರು. ಕಿಣ್ವಗಳ ಹೆಸರು ಅವರ ಬಾಯಲ್ಲಿ ಒಂದೂ ನೆಟ್ಟಗೆ ಬರುತ್ತಿರಲಿಲ್ಲ, ಆದರೆ ಅವಳು ಉತ್ತರ ತಪ್ಪಿದರೆ ಬಿಡುತ್ತಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಅದರಲ್ಲಿ ಅವರ ಪಾಲೆಷ್ಟು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಎರಡನೇ ಹಾಳೆಯನ್ನು ಚೀಲದಲ್ಲೇ ಉಳಿಸಿಕೊಂಡಿದ್ದಳು.

ಅರ್ಜಿಯ ಜೊತೆ, ತಾನೇಕೆ ವೈದ್ಯೆಯಾಗಬೇಕು ಎಂದು ಒಂದು ಪ್ರಬಂಧ ಬರೆಯಬೇಕಿತ್ತು. ಅವಳು ಹಾಸ್ ಬಗ್ಗೆ ಬರೆದಳು. ಚೆನ್ನಾಗಿದೆ, ಆದರೆ ಕಥೆಗೆ ಕೊನೆಯೇ ಇಲ್ಲವಲ್ಲ, ಇದರಿಂದ ನೀನು ಕಲಿತದ್ದೇನು ಎಂದು ಲಿಂಡ್‌ಕ್ವಿಸ್ಟ್ ಕೇಳಿದರು. ಮೊದಲು ಬಂದ ಅರ್ಜಿಯನ್ನು ಮೊದಲು ಓದುತ್ತಾರೆಂದು ಎಲ್ಲರಿಗೂ ಆತುರ. ಟೆಸ್ಸ ಗ್ರಂಥಾಲಯದಲ್ಲಿ ಕುಳಿತು ಹತ್ತೇ ನಿಮಿಷದಲ್ಲಿ ಕೊನೆಗೆ ನಾಲ್ಕು ಸಾಲು ಸೇರಿಸಿ ಹಾಸ್ ಅವರನ್ನು ಸಾಯಿಸಿದಳು. ಅರ್ಜಿಯನ್ನು ಅವತ್ತೇ ಕಳಿಸಿದಳು. ಕಳಿಸುವ ಮುಂಚೆ ನನಗೆ ತೋರಿಸು ಎಂದು ಅವರು ಚಳಿಗಾಲದಿಂದ ಹೇಳುತ್ತಿದ್ದರು. ಇನ್ನೂ ಕಳಿಸಿಲ್ಲವೆಂದೇ ನಂಬಿದ್ದರು.

ಬೇರೆ ಸುಳ್ಳು ಹೊಳೆಯದೆ, ಅವಳು ಚೀಲದಿಂದ ಎರಡನೇ ಹಾಳೆಯನ್ನು ತೆಗೆದುಕೊಟ್ಟಳು.

ಹಾಸ್ ಕೆಂಪು ಪೆನ್ಸಿಲಿನ ತುದಿಯನ್ನು ಸಾಲಿನ ಕೆಳಗೆ ಜಾರಿಸುತ್ತಾ ಓದಿದರು. ಮಾರ್ಚ್ ತಿಂಗಳ ಒಂದು ಗುರುವಾರ ಅವರು ಟೆಸ್ಸಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರು ಎಂದು ಅಲ್ಲಿತ್ತು. ಆ ಕೈಯ ಬಿಸಿ ಆರುವ ಮೊದಲೇ ತನ್ನ ದಾರಿ ಯಾವುದೆಂದು ಅವಳಿಗೆ ತಿಳಿಯಿತಂತೆ. ಪೆನ್ಸಿಲು ನಿಂತಿತು. ಪಕ್ಕದ ಕೋಣೆಯ ಟೀವಿಯಲ್ಲಿ ಯಾರೋ ಕಾರು ಗೆದ್ದು ಕೂಗಾಡುತ್ತಿದ್ದರು. ಹಾಸ್ ಮೊದಲಿನಿಂದ ಇನ್ನೊಮ್ಮೆ ಓದಿದರು.

"ಇಲ್ಲೊಂದು ಅಲ್ಪವಿರಾಮ ಬೇಕು," ಎಂದು ಗುರುತು ಹಾಕಿದರು.

"ಕಳಿಸಿಬಿಟ್ಟಿದೀನಿ, ಮಿಸ್ಟರ್ ಹಾಸ್. ಇನ್ನು ಒಂದಕ್ಷರಾನೂ ತಿದ್ದೋಕೆ ಬರಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಒರೆಸುವುದು ಮುಗಿಯುವುದೇ ಇಲ್ಲವೇನೋ ಎನ್ನಿಸಿತು.

"ಸಂದರ್ಶನ ಯಾವಾಗ?"

"ಕರೆದ್ರೆ, ಅಕ್ಟೋಬರಲ್ಲಿ."

"ಅಷ್ಟರಲ್ಲಿ ನಾನು ಹೋಗಿಬಿಟ್ರೆ ನಿಂದು ಸುಳ್ಳಾಗಲ್ಲ ಬಿಡು. ತಿಂಗಳು ಮಾತ್ರ ತಪ್ಪಿರುತ್ತೆ."

ನಗಿಸಲೆಂದೇ ಹೇಳಿದ್ದರು. ಅವಳಿಗೆ ನಗು ಬರಲಿಲ್ಲ. ಅವರ ಎಡಗೈ ಕಂಬಳಿಯ ಮೇಲಿತ್ತು. ಇಷ್ಟು ದಿನದಲ್ಲಿ ಅವಳು ಒಮ್ಮೆಯೂ ಆ ಕೈಯನ್ನು ಹಿಡಿದಿರಲಿಲ್ಲ. ಈಗ ಹಿಡಿಯಬೇಕೆನ್ನಿಸಿತು, ಆದರೆ ಹಿಡಿದರೆ ಅದೂ ತಾನು ಬರೆದದ್ದರ ಹಾಗೆಯೇ ಕಾಣುತ್ತದೆಂದು ನಾಚಿಕೆಯಾಗಿ ತನ್ನ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

ಊಟದ ತಟ್ಟೆ ಬಂತು. ಚೀಸ್ ಹಾಕಿದ ಮ್ಯಾಕರೋನಿ, ಹಸಿರು ಜೆಲ್ಲಿ. ಹಾಸ್ ಅದನ್ನು ಪಕ್ಕಕ್ಕೆ ಸರಿಸಿ, ಎರಡೂ ಹಾಳೆಗಳನ್ನು ಅಂಚು ಸೇರಿಸಿ ಅವಳಿಗೆ ಕೊಟ್ಟರು.

"ಸರಿ, ಚೀಟಿ ತೆಗಿ. ಕೇಳ್ತೀನಿ."

ಪರೀಕ್ಷೆ ಮುಗಿದು ಎರಡು ತಿಂಗಳಾಗಿತ್ತು, ಅದು ಅವರಿಗೂ ಗೊತ್ತಿತ್ತು. ಚೀಟಿಗಳನ್ನೆಲ್ಲ ಅವಳು ಅವತ್ತೇ ಕಸದ ಬುಟ್ಟಿಗೆ ಹಾಕಿದ್ದಳು. ಆದರೂ ಚೀಲದೊಳಗೆ ಕೈ ಹಾಕಿ ಹುಡುಕತೊಡಗಿದಳು. ಹಾಸ್ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕೈ ಚಾಚಿಕೊಂಡೇ ಕಾಯುತ್ತಿದ್ದರು.