ಹನ್ನೊಂದು ಪ್ಯಾಂಟುಗಳು

ನರಿನ್ ಊರಿನಲ್ಲಿ ಡಿಸೆಂಬರ್ ಬಂತೆಂದರೆ ನದಿಯೇ ಹೆಪ್ಪುಗಟ್ಟುತ್ತದೆ. ಶಾಲೆಯ ಹುಡುಗಿಯರು ಮಾತ್ರ ಆಗಲೂ ಲಂಗದಲ್ಲೇ ಬರಬೇಕು. ಒಂಬತ್ತನೇ ತರಗತಿಯ ಸೈಕಾಲ್ ಒಂದು ದಿನ ಅಣ್ಣನ ಉಣ್ಣೆ ಪ್ಯಾಂಟು ತೊಟ್ಟು ಬಂದಳು. ಮಕ್ಕಳೆಲ್ಲ 'ಎಜೆ', ಅಂದರೆ ಅಕ್ಕ, ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ಅನಾರ್ಕುಲ್ ಗೇಟಿನಲ್ಲೇ ತಡೆದರು.

"ಇದೇನೇ ವೇಷ? ಕುರಿ ಮೇಯಿಸೋಕೆ ಹೊರಟಿದ್ದೀಯಾ?"

"ಚಳಿ, ಎಜೆ. ಮೂರು ಕಿಲೋಮೀಟರ್ ನಡ್ಕೊಂಡು ಬರ್ತೀನಿ."

"ನಿನಗೊಬ್ಬಳಿಗೆ ಬಿಟ್ರೆ ನಾಳೆ ಒಬ್ಬೊಬ್ರು ಒಂದೊಂದು ಥರ ಬರ್ತಾರೆ. ಹೋಗು, ಲಂಗ ಹಾಕ್ಕೊಂಡು ಬಾ."

ಸೈಕಾಲ್ ಮನೆಗೆ ನಡೆದಳು. ಎಜೆ ಹೇಳಿದ್ದು ಪೂರ್ತಿ ತಪ್ಪೂ ಅಲ್ಲವಲ್ಲ ಎಂಬುದೇ ಅವಳಿಗೆ ಹೆಚ್ಚು ಕಿರಿಕಿರಿ. ಸಮವಸ್ತ್ರ ಅವಳಿಗೆ ಇಷ್ಟವೇ. ಆ ಕಡುನೀಲಿಯಲ್ಲಿ ಕುರಿಗಾಹಿಯ ಮಗಳು ಯಾರು, ಅಧಿಕಾರಿಯ ಮಗಳು ಯಾರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಜಗಳ ಬಟ್ಟೆಯ ಜೊತೆಗಲ್ಲ, ಚಳಿಯ ಜೊತೆಗೆ.

ಅಜ್ಜಿ ಬುರುಲ್ಚಾ ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು. ಮೊಮ್ಮಗಳ ಕೆಂಪಾದ ಮೊಣಕಾಲು ಮುಟ್ಟಿ ನೋಡಿದಳು.

"ಎರಡು ಲಂಗದ ಹೊಲಿಗೆ ಬಿಚ್ಚಿದ್ರೆ ಒಂದು ಪ್ಯಾಂಟಾಗುತ್ತೆ. ಆದ್ರೆ ಆಮೇಲೆ ಲಂಗ ಬೇಕು ಅಂದ್ರೆ ಇರಲ್ಲ ನೋಡು."

"ಲಂಗ ಇರದಿದ್ರೆ ಬೇಡ ಬಿಡು. ನಂದೊಂದೇ ಅಲ್ಲ, ಎಲ್ರದ್ದೂ ತರ್ತೀನಿ."

ಹೊಸ ವರ್ಷದ ರಜೆಯಲ್ಲಿ ತರಗತಿಯ ಹುಡುಗಿಯರೆಲ್ಲ ಹಳೆಯ, ಹೊಸ ಲಂಗಗಳನ್ನು ಹೊಲಿಸಲು ಅಜ್ಜಿಯ ಬಳಿಗೆ ಹೊತ್ತು ತಂದರು. "ಅಮ್ಮ ಸಾಯಿಸ್ತಾಳೆ" ಎನ್ನುತ್ತಿದ್ದ ಬೆಗಾಯಿಮ್ ಕೊನೆಗೆ ಮೂರು ಲಂಗ ತಂದಳು.

ಶಾಲೆ ತೆರೆದ ದಿನ ಹನ್ನೊಂದು ಹುಡುಗಿಯರು ಒಂದೇ ಬಣ್ಣ, ಒಂದೇ ಹೊಲಿಗೆಯ ಪ್ಯಾಂಟಿನಲ್ಲಿ ಸಾಲಾಗಿ ನಿಂತರು. ಅನಾರ್ಕುಲ್ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದರು.

"ಲಂಗ ಎಲ್ಲಿ?"

"ಇದೇ ಲಂಗ, ಎಜೆ. ಒಬ್ಬೊಬ್ರು ಒಂದೊಂದು ಥರ ಬಂದಿಲ್ಲ, ನೋಡಿ," ಅಂದಳು ಸೈಕಾಲ್.

ಎಜೆ ಬಗ್ಗಿ ಅಂಚಿನ ಹೊಲಿಗೆ ನೋಡಿದರು. ನಗು ತಡೆದುಕೊಂಡಿದ್ದು ಸೈಕಾಲ್‌ಗೆ ಕಾಣಿಸಿತು. "ಒಳಗೆ ನಡೀರಿ. ಶನಿವಾರ ಪೋಷಕರು ತೀರ್ಮಾನ ಮಾಡ್ಲಿ."

ಸಭೆಯಲ್ಲಿ ಒಬ್ಬ ತಂದೆ ಎದ್ದ. "ಹೆಣ್ಮಕ್ಳು ಪ್ಯಾಂಟು ಹಾಕೋದು ಅಂದ್ರೆ ಏನು?"

ಬುರುಲ್ಚಾ ಕೂತಲ್ಲಿಂದಲೇ ಹೇಳಿದಳು: "ನಿನ್ನ ಪ್ಯಾಂಟು ಇಲ್ಲಿ ಬಿಚ್ಚಿಡಪ್ಪಾ, ನನ್ನ ಲಂಗ ಕೊಡ್ತೀನಿ. ಮನೆ ತನಕ ನಡ್ಕೊಂಡು ಹೋಗು, ಆಮೇಲೆ ಮಾತಾಡೋಣ."

ಸಭೆ ಗೊಳ್ಳೆಂದಿತು. ಅವನೂ ನಕ್ಕು ಕೂತ. ಸಮವಸ್ತ್ರ ಇರಲಿ, ಚಳಿಗಾಲದಲ್ಲಿ ಎಲ್ಲರಿಗೂ ಪ್ಯಾಂಟು ಎಂದು ಅನಾರ್ಕುಲ್ ಬರೆದುಕೊಂಡರು.

ಭಾನುವಾರ ಬೆಳಗ್ಗೆಯೇ ಒಂದನೇ ತರಗತಿಯ ಹುಡುಗಿಯರ ತಾಯಂದಿರು ಮಕ್ಕಳನ್ನೂ ಲಂಗಗಳನ್ನೂ ಹಿಡಿದುಕೊಂಡು ಬುರುಲ್ಚಾಳ ಬಾಗಿಲಿಗೆ ಬಂದರು. ಸೈಕಾಲ್ ಚಹಾಕ್ಕೆ ನೀರಿಟ್ಟು, ಅಳತೆ ಪಟ್ಟಿ ಹಿಡಿದು ಎಲ್ಲಕ್ಕಿಂತ ಚಿಕ್ಕವಳನ್ನು ಕರೆದಳು: "ಬಾರೇ ಇಲ್ಲಿ, ನೆಟ್ಟಗೆ ನಿಂತ್ಕೊ."